ಕೋವಿ ಕಪಾಟಿನಲ್ಲಿರಲಿ

ಮಾನ್ಯರೇ,

ನಮ್ಮದು ಸುಳ್ಯ ತಾಲ್ಲೂಕಿನ ಕಾಡಂಚಿನ ಒಂಟಿ ಮನೆ. ‘ಕೋವಿ ಇದೆಯಲ್ಲ, ರಾತ್ರಿ ಧೈರ್ಯ ಅಲ್ವಾ’ ಎಂದು ಪೇಟೆಯ ನೆಂಟರು ಕೇಳುವುದುಂಟು. ಕೋವಿ ಇರುವುದು ಹೌದು. ಮಾವನ ಕಾಲದ ಒಂಟಿ ನಳಿಗೆಯದು, ಬೆಳೆ ರಕ್ಷಣೆಯ ಲೈಸೆನ್ಸ್. ಕೋವಿ ಕಪಾಟಿನಲ್ಲಿ, ತೋಟೆ ಒಳಕೋಣೆಯ ಬಿಸ್ಕತ್ತು ಡಬ್ಬಿಯಲ್ಲಿ. ಎರಡಕ್ಕೂ ಬೀಗ. ಹಂದಿ ಬಂತೆಂದು ಗಂಡ ಎದ್ದು, ಬೀಗ ತೆಗೆದು, ತೋಟೆ ಹುಡುಕಿ ಹೊರಡುವಷ್ಟರಲ್ಲಿ ಅದು ಅರ್ಧ ಮರಗೆಣಸು ಮುಗಿಸಿರುತ್ತದೆ. ಮುಗಿಸಲಿ ಬಿಡಿ. ಮನೆಯಲ್ಲಿ ಮಕ್ಕಳಿದ್ದಾರೆ.

ಕಳ್ಳನಿಗೆಂದು ಕೋವಿ ಇಡುವುದಾದರೆ ಈ ಲೆಕ್ಕವೇ ತಲೆಕೆಳಗು. ಕಳ್ಳ ಹೇಳಿ ಬರುವುದಿಲ್ಲ. ತೋಟೆ ತುಂಬಿಸಿ ಮಂಚದ ಪಕ್ಕದಲ್ಲೇ ಇಡಬೇಕು. ಆಮೇಲೆ ಮಧ್ಯರಾತ್ರಿ ಬಚ್ಚಲಿಗೆ ಹೋಗಿ ಬರುವ ಅತ್ತೆಯ ನೆರಳು ಕಂಡರೂ ಕೈ ಅತ್ತ ಹೋಗುತ್ತದೆ.

2024ರ ಲೋಕಸಭಾ ಚುನಾವಣೆಗೆಂದು, ಆದೇಶದಂತೆ, ಕೋವಿಯನ್ನು ಪೊಲೀಸ್ ಠಾಣೆಯಲ್ಲಿಟ್ಟಿದ್ದೆವು. ಬೇಸಿಗೆ ಪೂರ್ತಿ ಮನೆಯಲ್ಲಿ ಕೋವಿ ಇಲ್ಲ. ನಿದ್ದೆ ಕೆಟ್ಟಿತೇ? ಇಲ್ಲ. ನಾಯಿ ಇತ್ತು, ಒಂದು ಫೋನ್ ಮಾಡಿದರೆ ಜೀಪು ತೆಗೆಯುವ ಗುಡ್ಡದಾಚೆಯವರಿದ್ದರು. ಕಾಟ ಜಾಸ್ತಿಯಾದದ್ದು ಹಗಲಲ್ಲಿ, ಮಂಗಗಳದು. ಮಂಗನಿಗೆ ಹೊಡೆಯುವಂತಿಲ್ಲ. ಆದರೆ ಗಾಳಿಗೆ ಒಂದು ಈಡು ಬಿಟ್ಟರೆ ಅರ್ಧ ದಿನ ತೋಟದ ಕಡೆ ಸುಳಿಯುವುದಿಲ್ಲ. ಆ ಶಬ್ದ ಇಲ್ಲದೆ ತೆಂಗಿನ ಎಳೆ ಬೊಂಡಗಳೆಲ್ಲ ತೂತಾಗಿ ಬುಡದಲ್ಲಿ ಬಿದ್ದಿದ್ದವು.

ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳುವವರ ಕತೆ ಬೇರೆ. ಪೇಟೆಯಲ್ಲಿ ಜಾಗದ ವ್ಯವಹಾರ ಮಾಡುವ ನೆಂಟರೊಬ್ಬರಿಗೆ ಲೈಸೆನ್ಸ್ ಇದೆ. ಒಂದು ಗೃಹಪ್ರವೇಶದಲ್ಲಿ ಊಟಕ್ಕೆ ಕೂತಾಗ ಅಂಗಿ ಮೇಲೇರಿ ಪಿಸ್ತೂಲಿನ ಹಿಡಿ ಕಾಣಿಸಿತು. ಪಕ್ಕದ ಎಲೆಯ ಮಗು ಪಾಯಸ ಬಿಟ್ಟು ಅದನ್ನೇ ನೋಡುತ್ತಿತ್ತು. ಜಾತ್ರೆ, ಮೆರವಣಿಗೆಯಂಥ ಜನ ಸೇರುವ ಕಡೆ ಒಯ್ಯಬಾರದೆಂದು ಲೈಸೆನ್ಸ್‌ನಲ್ಲೇ ಷರತ್ತಿದೆ. ಗೃಹಪ್ರವೇಶಕ್ಕೆ ಮಾತ್ರ ಯಾಕೆ ಬೇಕಿತ್ತೋ! ‘ಯಾರದಾದರೂ ಬೆದರಿಕೆ ಇದೆಯಾ ಭಾವ?’ ಎಂದು ಕೇಳಿದೆ. ‘ಹಾಗೇನಿಲ್ಲ, ನಾಲ್ಕು ಜನಕ್ಕೆ ಗೊತ್ತಿರಲಿ ಅಂತ’ ಎಂದರು. ಇದನ್ನು ಹೆದರಿಕೆ ಅನ್ನಿ, ಶೋಕಿ ಅನ್ನಿ. ಮುನ್ನೆಚ್ಚರಿಕೆ ಅಂತೂ ಅಲ್ಲ.

ಪಕ್ಕದ ಕೊಡಗನ್ನೇ ನೋಡಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಹಾಗಂತ ಮಡಿಕೇರಿ ಪೇಟೆಯಿಂದ ತರಕಾರಿ ತರಲು ಯಾರೂ ಅದನ್ನು ಹೆಗಲಿಗೇರಿಸಿಕೊಂಡು ಹೋಗುವುದಿಲ್ಲ.

ಚುನಾವಣೆ ಸಮಯದಲ್ಲಿ ಯಾರ ಕೋವಿ ಠಾಣೆಗೆ ಬರಬೇಕೆಂದು ನೋಡಲು ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಇರುತ್ತದೆ. ಮುಂದಿನ ಸಲ ಸೊಂಟದ ಪಿಸ್ತೂಲುಗಳನ್ನು ಮೊದಲು ತರಿಸಿಕೊಳ್ಳಲಿ. ಕೃಷಿಕರ ಕೋವಿಯನ್ನು ಮನೆಯಲ್ಲೇ ಬಿಡಲಿ. ಬೇಕಿದ್ದರೆ ಬಂದು ಕಪಾಟಿನ ಬೀಗ ನೋಡಿ, ತೋಟೆ ಎಣಿಸಿಕೊಂಡು ಹೋಗಲಿ.

– ಕೃಷಿಕ ಮಹಿಳೆ, ಸುಳ್ಯ ತಾಲ್ಲೂಕು