ಒಂದೇ ಹೆಜ್ಜೆ ನೋಡಿ ಹೆಸರಿಡಬೇಡ

ಮಧುಗಿರಿ

ಚಿ. ಪಲ್ಲವಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯಕುಶಲೋಪರಿ.

ನೀನು ಕಳಿಸಿದ ಫೋಟೋ ನೋಡಿದೆ. ಕೆರೆ ಅಂಗಳದ ಹಸಿ ಮಣ್ಣು, ನಾಲ್ಕು ಬೆರಳು, ಬೆರಳಿನ ಮುಂದೆ ಉಗುರಿನ ಚುಕ್ಕಿ, ಕೆಳಗೆ ‘ಚಿರತೆನಾ ದೊಡ್ಡಪ್ಪ?’ ಅಂತ ಒಂದು ಸಾಲು. ನಿಮ್ಮೂರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಅದು ಚಿರತೆಯಾಗಿ, ಸಂಜೆ ಹೊತ್ತಿಗೆ ಹುಲಿಯೂ ಆಯಿತಂತೆ. ಫೋಟೋ ಓರೆಯಾಗಿದೆ, ಪಕ್ಕದಲ್ಲಿ ಅಳತೆಗೆ ಏನೂ ಇಲ್ಲ, ಇರುವುದು ಒಂದೇ ಹೆಜ್ಜೆ. ಇದರ ಮೇಲೆ ನಾನು ಹೆಸರು ಹೇಳಿಬಿಟ್ಟರೆ ಆ ಗುಂಪಿನವರಿಗೂ ನನಗೂ ವ್ಯತ್ಯಾಸ ಇರುವುದಿಲ್ಲ. ಹೇಗೆ ನೋಡಬೇಕು ಅನ್ನುವುದನ್ನು ಬರೆಯುತ್ತೇನೆ, ಹೆಸರನ್ನು ನೀನೇ ಹೇಳುವೆಯಂತೆ.

ದೇವರಾಯನದುರ್ಗದ ತಪ್ಪಲಲ್ಲಿ ಚಿರತೆ ಇರುವುದು ನಿಜ, ಕರಡಿಯೂ ಉಂಟು. ಆದರೆ ಊರ ಪಕ್ಕದ ಕೆಸರಲ್ಲಿ ಸಿಗುವ ನಾಲ್ಕು ಬೆರಳಿನ ಹೆಜ್ಜೆಗಳಲ್ಲಿ ಹೆಚ್ಚಿನವು ನಾಯಿಯವೇ. ಹಾಗಾಗಿ ಮೊದಲು ‘ಇದು ನಾಯಿ ಯಾಕಲ್ಲ?’ ಅಂತ ಕೇಳಿಕೋ. ಅದಕ್ಕೆ ಉತ್ತರ ಸಿಕ್ಕ ಮೇಲೆ ಕಾಡಿನ ಕಡೆ ತಿರುಗು.

ಎಲ್ಲರೂ ಹೇಳುವುದು ಉಗುರಿನ ಲೆಕ್ಕ: ಉಗುರು ಕಂಡರೆ ನಾಯಿ, ಕಾಣದಿದ್ದರೆ ಚಿರತೆ. ಅರ್ಧ ಸರಿ. ಬೆಕ್ಕಿನ ಜಾತಿ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಆದರೆ ಜಾರುವ ಕೆಸರಲ್ಲೋ ಏರಿನಲ್ಲೋ ಹಿಡಿತಕ್ಕಾಗಿ ಚಿರತೆಯೂ ಉಗುರು ಊರುತ್ತದೆ. ಗಟ್ಟಿ ನೆಲದಲ್ಲಿ ನಾಯಿಯ ಉಗುರು ಮೂಡದೇ ಹೋಗುತ್ತದೆ. ನಿನ್ನ ಫೋಟೋದಲ್ಲಿ ಉಗುರು ಇದೆ, ಜಾರುವ ಮಣ್ಣೂ ಇದೆ. ಅದೊಂದರಿಂದ ಏನೂ ತೀರ್ಮಾನವಾಗದು.

ಬೆರಳುಗಳ ಹಿಂದೆ ಇರುವ ದೊಡ್ಡ ಗುರುತನ್ನು ಮೆತ್ತೆ ಅಂತ ಕರೆಯೋಣ. ಚಿರತೆಯ ಮೆತ್ತೆ ಹೆಜ್ಜೆಯ ಬಹುಪಾಲು ಜಾಗ ತುಂಬಿರುತ್ತದೆ, ಅದರ ಹಿಂದಿನ ಅಂಚಿನಲ್ಲಿ ಮೂರು ಉಬ್ಬು ಸ್ಪಷ್ಟವಾಗಿ ಕಾಣುತ್ತವೆ, ಮುಂದಿನ ಅಂಚು ಅಗಲ. ನಾಯಿಯ ಮೆತ್ತೆ ಚಿಕ್ಕದು, ಮುಂದಕ್ಕೆ ಮೊನಚಾಗುತ್ತಾ ಹೋಗುವ ತ್ರಿಕೋನ. ಬೆರಳುಗಳ ಜೋಡಣೆಯಲ್ಲೂ ವ್ಯತ್ಯಾಸವಿದೆ. ನಾಯಿಯ ನಡುವಿನ ಎರಡು ಬೆರಳು ಸಮಸಮವಾಗಿ ಮುಂದಿರುತ್ತವೆ, ಎಡಕ್ಕೂ ಬಲಕ್ಕೂ ಕನ್ನಡಿ ಹಿಡಿದಂತೆ. ಚಿರತೆಯದು ಹಾಗಲ್ಲ. ನಿನ್ನ ಎಡಗೈಯನ್ನು ಮಣ್ಣಿಗೆ ಊರಿ ಹೆಬ್ಬೆರಳನ್ನು ಮರೆತುಬಿಡು. ನಾಲ್ಕರಲ್ಲಿ ಮಧ್ಯದ ಬೆರಳು ಒಂದೇ ಮುಂದೆ ಚಾಚಿರುತ್ತದೆ ತಾನೇ? ಚಿರತೆಯ ಎಡಗಾಲೂ ಅದೇ ಥರ. ಮುಂದಿರುವ ಬೆರಳು ಯಾವ ಕಡೆ ಇದೆ ಎಂದು ನೋಡಿದರೆ ಎಡಗಾಲೋ ಬಲಗಾಲೋ ತಿಳಿಯುತ್ತದೆ.

ಇನ್ನೂ ಅನುಮಾನವಿದ್ದರೆ ತೆಂಗಿನಗರಿ ಪೊರಕೆಯ ಎರಡು ಕಡ್ಡಿ ಸಾಕು. ಒಂದು ಕಡ್ಡಿಯನ್ನು ಎಡಗಡೆಯ ಹೊರಬೆರಳಿಗೂ ಮೆತ್ತೆಗೂ ನಡುವಿನ ಸಂದಿಯಿಂದ ಹೊರಡಿಸಿ, ಬಲಗಡೆಯ ಹೊರಬೆರಳಿಗೂ ಅದರ ಪಕ್ಕದ ನಡುಬೆರಳಿಗೂ ಮಧ್ಯದ ಸಂದಿಯಲ್ಲಿ ಆಚೆ ಬರುವಂತೆ ಹಿಡಿ. ಇನ್ನೊಂದನ್ನು ಇದಕ್ಕೆ ಅಡ್ಡವಾಗಿ, ಬಲದಿಂದ ಎಡಕ್ಕೆ. ನಾಯಿ, ನರಿ, ತೋಳದ ಹೆಜ್ಜೆಯಾದರೆ ಎರಡು ಕಡ್ಡಿಯೂ ಮೆತ್ತೆಯನ್ನು ಮುಟ್ಟದೆ ಹಾದುಹೋಗುತ್ತವೆ. ಬೆಕ್ಕಿನ ಜಾತಿಯದಾದರೆ ಮೆತ್ತೆಯ ತಲೆಯನ್ನು ಕತ್ತರಿಸಿಕೊಂಡೇ ಹೋಗಬೇಕು. ಕಡ್ಡಿಯನ್ನು ಮಣ್ಣಿಗೆ ಒತ್ತಬೇಡ, ಮೇಲೆ ಹಿಡಿದು ನೋಡು, ಇಲ್ಲವಾದರೆ ಗುರುತೇ ಹಾಳಾಗುತ್ತದೆ.

ಅಳತೆಯಲ್ಲಿ ಜನ ಮೋಸಹೋಗುವುದು ಒಂದೇ ಕಾರಣಕ್ಕೆ, ಹೆಜ್ಜೆಯ ಬಾಯಿ ಅಳೆಯುತ್ತಾರೆ. ಕೆಸರಲ್ಲಿ ಕಾಲು ಇಳಿದಾಗ ಅಂಚು ಹೊರಕ್ಕೆ ತೆರೆದುಕೊಳ್ಳುತ್ತದೆ, ಬಿಸಿಲಿಗೆ ಒಣಗುತ್ತಾ ಇನ್ನಷ್ಟು ಉದುರುತ್ತದೆ. ಅಳೆಯಬೇಕಾದ್ದು ತಳ, ಅಂದರೆ ಕಾಲು ನಿಜವಾಗಿ ಊರಿದ ಸಪಾಟು ಜಾಗ. ಹಾಗೆ ಅಳೆದರೆ ಬೆಳೆದ ಚಿರತೆಯ ಮುಂಗಾಲು ಸುಮಾರು 7ರಿಂದ 9 ಸೆಂ.ಮೀ. ಅಗಲ ಬರುತ್ತದೆ. ಕಾಡುಬೆಕ್ಕಿನದು 4–5 ಸೆಂ.ಮೀ. ಹುಲಿಯದಾದರೆ 12 ಸೆಂ.ಮೀ.ಗಿಂತ ಮೇಲೆ. ನಿಮ್ಮ ಗುಂಪಿನ ಹುಲಿಗೆ ಉತ್ತರ ಅಲ್ಲೇ ಇದೆ. ಊರ ನಾಯಿಯದು ಸಾಮಾನ್ಯವಾಗಿ 5ರಿಂದ 7, ಆದರೆ ತೋಟಕ್ಕೆ ಕಟ್ಟಿದ ಭಾರಿ ಜಾತಿನಾಯಿಯ ಕಾಲು ಚಿರತೆಯಷ್ಟೇ ಅಗಲ ಇರಬಹುದು. ಗಾತ್ರ ಕೊನೆಗೆ ನೋಡುವ ಸಾಕ್ಷಿ, ಮೊದಲು ಆಕಾರ.

ಇನ್ನೊಂದು ಮೋಸ ಜೋಡಿಹೆಜ್ಜೆಯದು. ಚಿರತೆ ನಿಧಾನವಾಗಿ ನಡೆಯುವಾಗ ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬೀಳಬಹುದು. ಪೂರ್ತಿ ಹೊಂದಿಕೊಳ್ಳದೆ ಒಂದೆರಡು ಸೆಂ.ಮೀ. ಸರಿದರೆ ಆರು ಬೆರಳಿನ ದೈತ್ಯ ಹೆಜ್ಜೆ ಕಾಣುತ್ತದೆ. ‘ಇದುವರೆಗೆ ಕಾಣದ ಪ್ರಾಣಿ’ ಹುಟ್ಟುವುದು ಬಹಳ ಸಲ ಇಲ್ಲಿಂದಲೇ. ಒಂದರ ಮೇಲೆ ಒಂದು ಬಿದ್ದದ್ದು ಬಿಟ್ಟು ಹತ್ತು ಹೆಜ್ಜೆ ಆಚೆಗೆ ನೋಡು, ಬೇರೆಬೇರೆಯಾಗಿ ಬಿದ್ದದ್ದು ಸಿಗುತ್ತದೆ. ಮುಂಗಾಲು ಅಗಲ ಮತ್ತು ದುಂಡಗೆ, ಹಿಂಗಾಲು ಸ್ವಲ್ಪ ಕಿರಿದು ಮತ್ತು ಉದ್ದ.

ಈಗ ನಮ್ಮ ಜಿಲ್ಲೆಯ ಉಳಿದವರು. ತೋಳ ನಿಮ್ಮ ಕಡೆಗಿಂತ ಮೈದನಹಳ್ಳಿಯ ಕೃಷ್ಣಮೃಗದ ಬಯಲು, ಶಿರಾ, ಪಾವಗಡದ ಕಡೆಯದು. ಅದರ ಹೆಜ್ಜೆ ನಾಯಿಯದೇ ಅಚ್ಚು, ಬಿಡಿ ಹೆಜ್ಜೆಯಲ್ಲಿ ಬೇರೆ ಮಾಡಲು ಆಗದು. ಜಾಡು ನೋಡಬೇಕು. ತೋಳ ಕೆಲಸವಿದ್ದವರಂತೆ ನೇರ ಗೆರೆ ಹಿಡಿದು ದೂರದವರೆಗೆ ಹೋಗುತ್ತದೆ, ಊರ ನಾಯಿ ಕಂಡ ಕಂಡ ಪೊದೆ ಮೂಸುತ್ತಾ ಡೊಂಕಾಗಿ ಅಲೆಯುತ್ತದೆ. ಕತ್ತೆಕಿರುಬಕ್ಕೆ ಉಗುರು ಮೊಂಡು, ನಾಲ್ಕು ಬೆರಳೂ ಒತ್ತೊತ್ತಾಗಿ, ಮೆತ್ತೆ ಒಂದು ಕಡೆಗೆ ವಾಲಿದಂತೆ. ಮುಂಗಾಲು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಅದರ ಹಿಕ್ಕೆ ಒಣಗಿದಾಗ ಸುಣ್ಣದಂತೆ ಬಿಳಿ, ಮೂಳೆ ತಿನ್ನುವುದರಿಂದ. ಇಲ್ಲೊಂದು ಮಾತಿನ ತೊಡಕಿದೆ: ನಮ್ಮ ಹಳ್ಳಿಗಳಲ್ಲಿ ‘ಕಿರುಬ’ ಅಂದರೆ ಕೆಲವರಿಗೆ ಚಿರತೆ, ಕೆಲವರಿಗೆ ಕತ್ತೆಕಿರುಬ. ಯಾರಾದರೂ ‘ಕಿರುಬ ನೋಡಿದೆ’ ಅಂದರೆ ಮೈಮೇಲೆ ಚುಕ್ಕಿಯೋ ಪಟ್ಟೆಯೋ ಅಂತ ತಿರುಗಿ ಕೇಳು.

ಐದು ಬೆರಳು ಕಂಡರೆ ಬೇರೆಯೇ ಲೆಕ್ಕ. ಪುನುಗು ಬೆಕ್ಕು, ಮುಂಗುಸಿ ಎರಡಕ್ಕೂ ಐದೇ ಬೆರಳು, ಆದರೆ ಪುಟ್ಟ ಹೆಜ್ಜೆ. ಐದು ಬೆರಳಿದ್ದು ದೊಡ್ಡದಾದರೆ ಕರಡಿ. ಬೆರಳುಗಳು ಕಮಾನಾಗಿ ಬಾಗದೆ ಹೆಚ್ಚುಕಮ್ಮಿ ಒಂದೇ ಸಾಲಿನಲ್ಲಿರುತ್ತವೆ. ಮುಂಗಾಲಿನ ಉಗುರು ಬೆರಳಿನಿಂದ ಬಹಳ ಮುಂದೆ ಗೀರಿರುತ್ತದೆ, ಹಿಂಗಾಲು ಬರಿಗಾಲಿನ ಮನುಷ್ಯನ ಹೆಜ್ಜೆಯಂತೆ ಹಿಮ್ಮಡಿ ಸಮೇತ. ಅಕ್ಕಪಕ್ಕ ಹುತ್ತವನ್ನು ಆಳಕ್ಕೆ ಬಗೆದಿದ್ದರೆ ಸಾಕ್ಷಿ ಗಟ್ಟಿಯಾಯಿತು. ಹಿಕ್ಕೆಯಲ್ಲಿ ಗೆದ್ದಲಿನ ಚೂರು, ಎಲಚಿ, ಕಕ್ಕೆಕಾಯಿಯ ಬೀಜ ಸಿಗುತ್ತದೆ. ಚಿರತೆಯದರಲ್ಲಿ ಕೂದಲು, ಮೂಳೆಚೂರು. ಯಾವ ಹಿಕ್ಕೆಯನ್ನೂ ಬರಿಗೈಯಲ್ಲಿ ಮುಟ್ಟಬೇಡ, ಮೂಸಲೂ ಬೇಡ. ನಾಯಿ-ನರಿಗಳದರಲ್ಲಿ ಮನುಷ್ಯರಿಗೆ ಹತ್ತುವ ಲಾಡಿಹುಳುವಿನ ಮೊಟ್ಟೆ ಇರಬಹುದು. ಕಡ್ಡಿಯಿಂದ ಬಿಡಿಸಿ ನೋಡು.

ಗೊರಸಿನವು ಸುಲಭ. ಕಾಡುಹಂದಿಯ ಸೀಳುಗೊರಸಿನ ಹಿಂದೆ, ಅದಕ್ಕಿಂತ ಅಗಲಕ್ಕೆ, ಎರಡು ಚಿಕ್ಕ ಗುಳಿ ಬೀಳುತ್ತವೆ. ಕುರಿಯದರಲ್ಲಿ ಅವು ಸಾಮಾನ್ಯವಾಗಿ ಮೂಡುವುದಿಲ್ಲ, ಗೊರಸಿನ ತುದಿಯೂ ಮೊಂಡು. ಕೃಷ್ಣಮೃಗದ ತುದಿ ಚೂಪು. ನಡುವೆ ಬಾಲ ಎಳೆದ ಗೆರೆ ಇದ್ದು ಎರಡೂ ಕಡೆ ಉಗುರುಗಾಲು ಇದ್ದರೆ ಉಡ. ಪೊರಕೆ ಎಳೆದಂತೆ ಸಣ್ಣ ಗೀರುಗಳಿದ್ದರೆ ಮುಳ್ಳುಹಂದಿ.

ಕುರಿ, ಮೇಕೆ ಸತ್ತಿದ್ದರೆ ಹೆಜ್ಜೆಗಿಂತ ಮೊದಲು ಕೊರಳು ನೋಡಬೇಕು. ಚಿರತೆ ಗಂಟಲಿಗೆ ಬಾಯಿ ಹಾಕಿ ಉಸಿರು ಕಟ್ಟಿಸುತ್ತದೆ, ಕೋರೆಹಲ್ಲಿನ ತೂತು ಕೆಲವೇ, ಆದರೆ ಆಳ. ಬೀದಿನಾಯಿಗಳು ತೊಡೆ, ಹೊಟ್ಟೆ, ಕಿವಿ ಅಂತ ಸಿಕ್ಕಲ್ಲೆಲ್ಲ ಹರಿದಿರುತ್ತವೆ, ಒಂದೇ ರಾತ್ರಿ ಹಲವು ಕುರಿ ಬಿದ್ದಿರುತ್ತವೆ. ಪರಿಹಾರ ಕೇಳುವುದಾದರೆ ಸತ್ತದ್ದನ್ನು ಎಳೆಯದೆ, ಹೂಳದೆ, ಸುತ್ತಲಿನ ಹೆಜ್ಜೆಯ ಮೇಲೆ ಮಂಕರಿ ಮುಚ್ಚಿ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಹೇಳಬೇಕು. ಜನ ಸೇರಿ ತುಳಿದ ಮೇಲೆ ಅಧಿಕಾರಿ ಬಂದರೂ ನೋಡಲು ಏನೂ ಉಳಿದಿರುವುದಿಲ್ಲ. ಸಿಟ್ಟಿಗೆ ಉರುಳು ಹಾಕುವ ಮಾತು ಎತ್ತಿದವರಿಗೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಜೈಲಿಗೆ ದಾರಿ ಎಂದು ಹೇಳು. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಬಿದ್ದರೂ ತಪ್ಪು ತಪ್ಪೇ.

ಫೋಟೋ ತೆಗೆಯುವುದಕ್ಕೆ ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಹೋಗು, ಆದರೆ ನಸುಕು ಹರಿಯುವ ಮುಂಚೆ ಬೇಡ, ಕತ್ತಲಾಗುವವರೆಗೂ ನಿಲ್ಲಬೇಡ. ಓರೆ ಬಿಸಿಲಿಗೆ ಅಂಚಿನ ನೆರಳು ಬಿದ್ದು ಗುರುತು ಎದ್ದು ಕಾಣುತ್ತದೆ, ನಡುಹಗಲಿನ ಬಿಸಿಲಲ್ಲಿ ಎಲ್ಲ ಸಪಾಟು. ಫೋನನ್ನು ಹೆಜ್ಜೆಯ ನೇರ ಮೇಲೆ ಹಿಡಿ, ಪಕ್ಕದಲ್ಲಿ ಸ್ಕೇಲು ಇಡು. ಮರೆತಿದ್ದರೆ ಹತ್ತು ರೂಪಾಯಿ ನಾಣ್ಯ ಸಾಕು, ಅದರ ಅಡ್ಡಳತೆ 27 ಮಿ.ಮೀ. ಬಿಡಿ ಹೆಜ್ಜೆಯದು ಒಂದು, ಸಾಲಾಗಿ ನಾಲ್ಕೈದು ಹೆಜ್ಜೆಯದು ಒಂದು, ಸುತ್ತಲಿನ ಜಾಗ ಕಾಣುವಂತೆ ಒಂದು.

ಅಚ್ಚು ತೆಗೆಯಬೇಕಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅರ್ಧ ಕಿಲೋ, ನೀರು 300 ಮಿ.ಲೀ. ನೀರಿಗೆ ಪುಡಿ ಉದುರಿಸಬೇಕು. ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದ ಕೂಡಲೇ ಹುಯ್ಯಬೇಕು, ಹೆಚ್ಚು ಕಲಕುತ್ತಾ ಕೂತರೆ ಪಾತ್ರೆಯಲ್ಲೇ ಕಟ್ಟಿಕೊಳ್ಳುತ್ತದೆ. ಐದು ಸೆಂ.ಮೀ. ಎತ್ತರದ ರಟ್ಟಿನ ಪಟ್ಟಿಯನ್ನು ಉಂಗುರ ಮಾಡಿ ಹೆಜ್ಜೆಯ ಸುತ್ತ ನಿಲ್ಲಿಸು, ಹೆಜ್ಜೆಯ ಪಕ್ಕಕ್ಕೆ ಹುಯ್ದು ತಾನಾಗಿ ಹರಿದು ತುಂಬುವಂತೆ ಬಿಡು. ನೇರ ಬೆರಳ ಮೇಲೆ ಬಿದ್ದರೆ ಗುರುತು ಕೊಚ್ಚಿಹೋಗುತ್ತದೆ. ಎರಡೂವರೆ ಸೆಂ.ಮೀ. ದಪ್ಪ ಇರಲಿ, ತೆಳುವಾದರೆ ಎತ್ತುವಾಗ ಮುರಿಯುತ್ತದೆ. ಬಂಡಿಜಾಡಿನ ಧೂಳಲ್ಲಿದ್ದ ಹೆಜ್ಜೆಯಾದರೆ ಮೊದಲು ತೆಳುಬಟ್ಟೆಯಲ್ಲಿ ಒಣ ಪುಡಿ ಉದುರಿಸಿ, ಅದರ ಮೇಲೆ ನೀರನ್ನು ಮಂಜಿನಂತೆ ಚಿಮುಕಿಸಿ, ಆಮೇಲೆ ಹುಯ್ಯಿ. ಅರ್ಧ ಗಂಟೆ ಬಿಟ್ಟು ಅಡಿಯ ಮಣ್ಣು ಸಮೇತ ಅಗೆದು ಎತ್ತು. ಮಣ್ಣು ತೊಳೆಯುವುದು ಮಾರನೆಯ ದಿನ. ಕಟ್ಟುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ, ಕೈಯಲ್ಲಿ ಕಲಸಬೇಡ.

ಹೆಜ್ಜೆ ಎಷ್ಟು ಹಳೆಯದು ಅನ್ನುವುದಕ್ಕೆ ಪಕ್ಕದಲ್ಲೇ ನಿನ್ನ ಹೆಬ್ಬೆರಳು ಒತ್ತಿ ಹೋಲಿಸು. ಒಳಗೆ ಇರುವೆ ಓಡಾಡಿದ ಗೆರೆ, ಹನಿ ಬಿದ್ದ ಗುಳಿ, ಉದುರಿದ ಎಲೆ ಇದ್ದರೆ ರಾತ್ರಿಯದೋ ಅದಕ್ಕೂ ಹಿಂದಿನದೋ. ಅಂಚು ಚೂಪಾಗಿ, ತಳ ಇನ್ನೂ ಹೊಳೆಯುತ್ತಿದ್ದರೆ ಈಗಷ್ಟೇ ಹೋಗಿದೆ. ಅಂಥದ್ದು ಕಂಡಾಗ ಅಲ್ಲಿ ನಿಲ್ಲದೆ ಬಂದ ದಾರಿಯಲ್ಲೇ ವಾಪಸ್ ಬಾ. ಜಾಡು ಹಿಡಿಯುವುದಿದ್ದರೆ ಯಾವಾಗಲೂ ಹಿಂದಕ್ಕೆ ಹಿಡಿ, ಪ್ರಾಣಿ ಎಲ್ಲಿಂದ ಬಂತು ಅನ್ನುವ ಕಡೆಗೆ. ಮುಂದಕ್ಕೆ ಹೋದರೆ ಜಾಡಿನ ಕೊನೆಯಲ್ಲಿ ಪ್ರಾಣಿಯೇ ಇರುತ್ತದೆ. ಚಿರತೆ ಸಾಮಾನ್ಯವಾಗಿ ತಾನೇ ಸರಿದುಕೊಳ್ಳುತ್ತದೆ. ಲಂಟಾನದ ಪೊದೆಯಲ್ಲಿ ಎದುರಾದ ಕರಡಿ ಹಾಗಲ್ಲ, ಬೆಚ್ಚಿಬಿದ್ದರೆ ಮೈಮೇಲೇ ಬರುತ್ತದೆ.

ಇಷ್ಟೆಲ್ಲ ನೋಡಿಯೂ ತಪ್ಪಬಹುದು. ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ 1966ರಲ್ಲಿ ರೂಪಿಸಿದ ಹೆಜ್ಜೆ ಲೆಕ್ಕದ ಮೇಲೆಯೇ 1972ರಲ್ಲಿ ದೇಶದ ಹುಲಿಗಳನ್ನು ಎಣಿಸಿದರು. ಒಂದೇ ಹುಲಿಯ ಕಾಲು ಮರಳಲ್ಲಿ ಒಂದು ಥರ, ಕೆಸರಲ್ಲಿ ಇನ್ನೊಂದು ಥರ ಮೂಡಿ ಎರಡು ಹುಲಿಯಾಗುವ ಅಪಾಯ ಆ ಲೆಕ್ಕದಲ್ಲಿ ಇದ್ದೇ ಇತ್ತು. 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾ ಹುಲಿಧಾಮದಲ್ಲಿ ಹುಲಿಯೇ ಉಳಿದಿಲ್ಲವೆಂದು ಗೊತ್ತಾದ ಮೇಲೆ ಆ ವಿಧಾನ ಬಿಟ್ಟು ಕ್ಯಾಮೆರಾ ಕಡೆ ಹೋದರು. ಯಾವ ಪ್ರಾಣಿ ಎನ್ನುವುದನ್ನು ಹೆಜ್ಜೆ ಚೆನ್ನಾಗಿ ಹೇಳುತ್ತದೆ. ಎಷ್ಟು, ಗಂಡೋ ಹೆಣ್ಣೋ ಎನ್ನುವುದನ್ನು ಖಚಿತವಾಗಿ ಹೇಳುವವರ ಮಾತು ನಂಬಬೇಡ.

ನಿನ್ನ ಫೋಟೋದ ವಿಷಯಕ್ಕೆ ಬಂದರೆ, ನಡುವಿನ ಎರಡು ಬೆರಳು ಸಮವಾಗಿ ಕಾಣುತ್ತವೆ, ಮೆತ್ತೆ ಚಿಕ್ಕದು. ನನ್ನ ಒಲವು ನಾಯಿಯ ಕಡೆಗೆ. ಆದರೆ ಓರೆ ಫೋಟೋದಲ್ಲಿ ಮೆತ್ತೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುವುದೂ ಉಂಟು. ನಾಳೆ ಬಿಸಿಲು ಏರುವ ಮುಂಚೆ ಅಪ್ಪನನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಂಡು, ಮಾತಾಡಿಕೊಂಡೇ ಕೆರೆಗೆ ಹೋಗು. ಕೋಡಿಯಿಂದ ತೂಬಿನವರೆಗೆ ಹಸಿ ಮಣ್ಣು ನೋಡಿ, ಚೆನ್ನಾಗಿ ಮೂಡಿದ ನಾಲ್ಕು ಹೆಜ್ಜೆ ಹುಡುಕಿ, ಸ್ಕೇಲು ಇಟ್ಟು ಕಳಿಸು. ತಳದ ಅಗಲವನ್ನು ಕಾಗದದಲ್ಲಿ ಬರೆದಿಟ್ಟುಕೋ. ಗೊತ್ತಾಗುವವರೆಗೂ ಮೇಕೆಗಳನ್ನು ರಾತ್ರಿ ಅಂಗಳದಲ್ಲಿ ಕಟ್ಟದೆ ಬಾಗಿಲಿರುವ ಕೊಟ್ಟಿಗೆಗೆ ಹಾಕಲು ಅಪ್ಪನಿಗೆ ಹೇಳು. ವಾಟ್ಸಾಪ್ ಗುಂಪಿಗೆ ಸದ್ಯ ಏನೂ ಹಾಕಬೇಡ.

ಇಂತಿ ನಿನ್ನ
ದೊಡ್ಡಪ್ಪ