ಹೊಸ ಕಾರು ತಂದವರೇ, ಟೈರ್ ಒಮ್ಮೆ ನೋಡಿಬಿಡಿ
ಎಲ್ಲರಿಗೂ ನಮಸ್ಕಾರ. ಪೂಜೆ, ಫೋಟೋ ಎಲ್ಲ ಮುಗಿದ ಮೇಲೆ ಟೈರ್ ಕಡೆಗೂ ಸ್ವಲ್ಪ ನೋಡಿ. ಸಾಗಣೆಗೆಂದು ಗಾಳಿ ಜಾಸ್ತಿ ತುಂಬಿರುತ್ತಾರೆ. ಶೋರೂಮಿನಲ್ಲಿ ಕೆಲವೊಮ್ಮೆ ಇಳಿಸುವುದೇ ಇಲ್ಲ. ಗಾಡಿ ಕುಣಿಯುತ್ತಿದ್ದರೆ ಸುಮ್ನೆ ಸಸ್ಪೆನ್ಷನ್ ಬೈಯಬೇಡಿ, ಮೊದಲು ಗಾಳಿ ನೋಡಿ. ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರ್ ಮೇಲಿನ ಗರಿಷ್ಠ ಅಂಕಿಯನ್ನು ನೋಡಿ ತುಂಬಿಸಬೇಡಿ. ಬೆಳಿಗ್ಗೆ ಗಾಡಿ ಓಡಿಸುವ ಮೊದಲೇ ಅಳೆಯಿರಿ, ಬಿಸಿ ಟೈರ್ ಜಾಸ್ತಿ ತೋರಿಸುತ್ತದೆ.

ತಯಾರಿಕೆಯ ನಾಲ್ಕಂಕಿಯೂ ಟೈರ್ ಬದಿಯಲ್ಲೇ ಇರುತ್ತದೆ. 2325 ಅಂದರೆ 2025ರ 23ನೇ ವಾರ. ಸ್ಟೆಪ್ನಿಯದ್ದೂ ನೋಡಿ, ಅದನ್ನು ಯಾರೂ ಎತ್ತಿ ನೋಡುವುದಿಲ್ಲ ಅಲ್ವಾ! ಅಲಾಯ್ ಚಕ್ರದ ಮೇಲೆ ಗೀರು ಕಂಡರೆ ಅವತ್ತೇ ಫೋಟೋ ತೆಗೆದು ಡೀಲರ್‌ಗೆ ಕಳಿಸಿ. ವಾರ ಬಿಟ್ಟು ಹೋದರೆ ನೀವೇ ಉಜ್ಜಿದ್ದು ಅಂತಾರೆ.