‘ಟೈಟಸ್’ ಪಾಠ: ಗುರುವಾರಕ್ಕೆ ಮುನ್ನ

ಎಲ್ಲರಿಗೂ ನಮಸ್ಕಾರ. ಗುರುವಾರ ಪದವಿ ಎರಡನೇ ವರ್ಷದವರಿಗೆ ಶೇಕ್ಸ್‌ಪಿಯರ್‌ನ ‘ಟೈಟಸ್ ಆಂಡ್ರಾನಿಕಸ್’ ಪಾಠ, ಜೂಲಿ ಟೇಮರ್ ಅವರ 1999ರ ‘ಟೈಟಸ್’ ಸಿನಿಮಾ ಇಟ್ಟುಕೊಂಡು. ಸಿನಿಮಾ ಎರಡೂವರೆ ಗಂಟೆಗೂ ಹೆಚ್ಚು. ಪೂರ್ತಿ ಹಾಕಿದರೆ ಚರ್ಚೆಗೆ ಸಮಯ ಉಳಿಯದು. ಆಟಿಕೆ ಸೈನಿಕರ ಆರಂಭ, ರೋಮಿನ ಸೇನಾನಿ ಟೈಟಸ್‌ನ ಸೋದರ ಮಾರ್ಕಸ್, ಕೈ-ನಾಲಿಗೆ ಕತ್ತರಿಸಲ್ಪಟ್ಟ ಟೈಟಸ್‌ನ ಮಗಳು ಲವಿನಿಯಾಳನ್ನು ಕಾಣುವ ದೃಶ್ಯ, ಕೊನೆಯ ಔತಣ ಸಾಕು.

ಅತ್ಯಾಚಾರ, ಅಂಗಚ್ಛೇದದ ಪ್ರಸಂಗಗಳಿವೆ ಎಂದು ಹಿಂದಿನ ದಿನವೇ ತಿಳಿಸಿ. ನೋಡಲಾಗದವರಿಗೆ ಪಠ್ಯ ಕೊಡಿ. ಮಾರ್ಕಸ್‌ನ ಮಾತನ್ನು (ಅಂಕ 2, ದೃಶ್ಯ 4) ಮೊದಲು ಗಟ್ಟಿಯಾಗಿ ಓದಿಸಲೇಬೇಕು. ಚಿತ್ರ ಮೊದಲಾದರೆ ಲವಿನಿಯಾಳ ಕೈಗಳ ಜಾಗದ ಒಣಕಡ್ಡಿಗಳೇ ಕಣ್ಣಲ್ಲಿ ಕೂರುತ್ತವೆ, ಕಾವ್ಯ ಕಿವಿಗೆ ಬೀಳದು. ಔತಣದಲ್ಲಿ ಯಾರಾದರೂ ನಕ್ಕರೆ ಗದರಬೇಡಿ. ಮೂರನೇ ಅಂಕದಲ್ಲಿ ಟೈಟಸ್ ಕೂಡ ನಗುತ್ತಾನೆ, ಅಲ್ಲಿಗೆ ಮಾತು ತಿರುಗಿಸಿ.

ಯಾವ ವಿಭಾಗ ಯಾರು ತೆಗೆದುಕೊಳ್ಳುತ್ತೀರಿ ಎಂದು ಮಂಗಳವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.